ಸುಬಿಯಾದ ಗೋರಿಯ ಮೇಲೆ ಬೆಳೆದ ಕಲ್ಲುಗಳು

ಸಫಾ, ಇಹ್ಸಾನ್,

ಇದನ್ನು ನೀವಾಗಿ ಓದಲಾರಿರಿ ಎಂದು ನನಗೆ ಗೊತ್ತು. ನಿಮ್ಮ ಉಮ್ಮನ ಹತ್ತಿರ ಓದಿಸಿಕೊಳ್ಳಿ. ನನಗೆ ಬರೆಯಲು ಬರುವುದು ಕನ್ನಡ ಒಂದೇ, ಅದೂ ನಮ್ಮ ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತದ್ದು. ಬಾಯಲ್ಲೇ ಹೇಳೋಣವೆಂದರೆ ನಾಲ್ಕು ಜನ ಕೂತಲ್ಲಿ ನನಗೆ ಮಾತು ಹೊರಡುವುದಿಲ್ಲ.

ಮೊನ್ನೆ ಶಾಲೆಯವರ ಜೊತೆ ಮ್ಯೂಸಿಯಂ ನೋಡಿ ಬಂದ ಸಫಾ ಊಟಕ್ಕೆ ಕೂತಾಗ, "ಅಜ್ಜಿ, ಐ ವಾಂಟ್ ಟು ಡು ಆರ್ಕಿಯಾಲಜಿ" ಎಂದಳು. ಇಹ್ಸಾನ್ ನಕ್ಕು, "ಅಜ್ಜಿ ಯೂಸ್ಡ್ ಟು ಕ್ಲೀನ್ ದೇರ್, ನೋ?" ಎಂದ. ಹೌದು ಮಗಾ, ಕ್ಲೀನ್ ಮಾಡುತ್ತಿದ್ದೆ. ಆದರೆ ಎಂಥದನ್ನು ಕ್ಲೀನ್ ಮಾಡುತ್ತಿದ್ದೆ ಎಂದು ನಿಮಗೆ ಯಾರೂ ಹೇಳಿಲ್ಲ. ಸಫಾ ಈ ಕೆಲಸಕ್ಕೆ ಕಾಲಿಡುವುದಾದರೆ ಅದು ಹೇಗಿರುತ್ತದೆಂದು ಮೊದಲೇ ತಿಳಿದಿರಲಿ. ನನಗೆ ಯಾರೂ ಹೇಳಿರಲಿಲ್ಲ. ಹಾಗಾಗಿ ಒಂದೊಂದಕ್ಕೂ ಎದೆ ಒಡೆದುಕೊಂಡೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಜಹ್ರಾದ ಒಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಕುವೈತಿಗೆ ಬಂದೆ. ಆ ಮಕ್ಕಳು ದೊಡ್ಡವರಾದಾಗ ಮನೆಯವರೇ ನನ್ನ ಇಕಾಮಾವನ್ನು, ಎಂದರೆ ಇಲ್ಲಿ ಉಳಿಯುವ ಪರವಾನಗಿಯನ್ನು, ಒಂದು ಕ್ಲೀನಿಂಗ್ ಕಂಪನಿಗೆ ಬದಲಾಯಿಸಿಕೊಟ್ಟರು. ಕಂಪನಿ ನನ್ನನ್ನು ಹಳೆಯ ಕಾಲದ ಜಾಗಗಳನ್ನು ನೋಡಿಕೊಳ್ಳುವ ಒಂದು ಸಣ್ಣ ಆಫೀಸಿಗೆ ಕಳಿಸಿತು. ಚಹಾ ಮಾಡುವುದು, ನೆಲ ಒರೆಸುವುದು, ಅಷ್ಟೇ ಎಂದಿದ್ದರು.

ಆಫೀಸಿನ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ. ಗೋಡೆಯುದ್ದಕ್ಕೂ ಕಬ್ಬಿಣದ ಹಲಗೆ, ಅದರ ಮೇಲೆ ರಟ್ಟಿನ ಪೆಟ್ಟಿಗೆಗಳು, ಪ್ರತಿಯೊಂದಕ್ಕೂ ನಂಬರು. ಧೂಳು ಒರೆಸುವಾಗ ಒಂದರ ಮುಚ್ಚಳ ಜಾರಿತು. ಒಳಗೆ ತೆಳು ಕಾಗದದ ನಡುವೆ ಒಂದು ದವಡೆ ಇತ್ತು. ಹಲ್ಲುಗಳೂ ಇದ್ದವು. ಸಣ್ಣ ದವಡೆ.

ಒರೆಸುವ ಬಟ್ಟೆ ಅಲ್ಲೇ ಬಿಟ್ಟು ಹೊರಗೆ ಓಡಿದೆ. ಆಫೀಸಿನ ಡ್ರೈವರ್ ಹಮೀದ್ ಕಾಕ ನೆರಳಲ್ಲಿ ಗಾಡಿ ತೊಳೆಯುತ್ತಿದ್ದರು. ಅವರೂ ನಮ್ಮ ಕಡೆಯವರೇ, ಬಂಟ್ವಾಳದವರು. ನನಗಿದ್ದದ್ದು ಮನೆಗೆಲಸದಲ್ಲಿ ಕಲಿತ ಮುರುಕು ಅರಬಿ; ಅವರಿಗೆ ಇಂಗ್ಲಿಷೂ ಅರಬಿಯೂ ಚೆನ್ನಾಗಿ ಬರುತ್ತಿದ್ದುದರಿಂದ ಆ ಆಫೀಸಿನಲ್ಲಿ ನನ್ನ ಕಿವಿ, ಬಾಯಿ ಎರಡೂ ಅವರೇ.

"ಕಾಕ, ಒಳಗೆ ಮನುಷ್ಯರದ್ದು..." ಎಂದೆ.

"ಮತ್ತೆ? ಕೋಳಿಯದ್ದಾ?" ಎಂದರು. "ಸಾವಿರಾರು ವರ್ಷ ಆಗಿದೆ ಮಾರಾಯ್ತಿ. ನಿನ್ನನ್ನು ಕಚ್ಚಲಿಕ್ಕೆ ಬರುವುದಿಲ್ಲ."

"ಗೋರಿಯಿಂದ ತೆಗೆದದ್ದಾ?"

"ಅಲ್ಲ, ಬಕಾಲದ ಅಂಗಡಿಯಿಂದ ತಂದದ್ದು. ಎಂಥ ಪ್ರಶ್ನೆ ಇದು!"

ನಮ್ಮ ಊರಲ್ಲಿ ಪಳ್ಳಿಯ ಹಿಂದಿನ ಕಬರ್‌ಸ್ಥಾನದ ಕಡೆ ಬೆರಳು ತೋರಿಸಿದರೂ ಉಮ್ಮ ತಪ್ಪಾಯಿತೆಂದು ಆ ಬೆರಳನ್ನು ನಮ್ಮಿಂದಲೇ ಕಚ್ಚಿಸುತ್ತಿದ್ದರು. ಮಣ್ಣಾದವರನ್ನು ಮೇಲೆತ್ತಿ ನಂಬರು ಹಾಕಿ ಹಲಗೆಯ ಮೇಲಿಡುತ್ತಾರೆಂದು ನಾನು ಕನಸಲ್ಲೂ ಎಣಿಸಿರಲಿಲ್ಲ. ಅಲ್ಲೇ ಕೂತು ಅಳುತ್ತಿದ್ದಾಗ ನಮ್ಮ ಮೇಲಧಿಕಾರಿ ಡೀನಾ ಮೇಡಂ ಬಂದರು. ಗೋಧಿ ಬಣ್ಣದ, ಗುಂಗುರು ಕೂದಲಿನ, ಗಟ್ಟಿ ಕೈಗಳ ಹೆಂಗಸು. ನನ್ನನ್ನು ಒಳಗೆ ಕರೆದುಕೊಂಡು ಹೋಗಿ ತಾವೇ ಮುಚ್ಚಳ ಮುಚ್ಚಿದರು. ಅದರ ಮೇಲೆ ಅಂಗೈ ಇಟ್ಟು ಹಮೀದ್ ಕಾಕನಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು.

"ಇವರನ್ನು ತೆಗೆದದ್ದು ನಾನಲ್ಲ, ನನಗಿಂತ ಮೊದಲಿದ್ದವರು, ಅಂತಿದ್ದಾರೆ" ಎಂದರು ಕಾಕ. "ಇನ್ನೂ ನೆಲದಲ್ಲಿರುವವರನ್ನು ಯಾರೂ ತೆಗೆಯದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ, ಅಂತಿದ್ದಾರೆ."

ಆ ಒಂದು ಮಾತಿಗಾಗಿ ನಾನು ಆ ಕೆಲಸ ಬಿಡಲಿಲ್ಲ.

ಡೀನಾ ಮೇಡಂ ದಕ್ಷಿಣ ಆಫ್ರಿಕಾದವರು. ಅಲ್ಲಿನ ಗ್ರಿಕ್ವಾ ಎಂಬ ಜನಕ್ಕೆ ಸೇರಿದವರು. ದನ ಕುರಿ ಮೇಯಿಸುತ್ತಿದ್ದ ಆ ನಾಡಿನ ಮೂಲದ ಜನರೂ ಆಮೇಲೆ ಬಂದು ಬೆರೆತವರೂ ಸೇರಿ ಆದ ಜನವಂತೆ. ಒಳನಾಡಿನ ದೊಡ್ಡ ನದಿಯ ಎರಡೂ ದಡದಲ್ಲಿ ಅವರ ಹಳ್ಳಿಗಳಿದ್ದವಂತೆ. ಜಮೀನೆಲ್ಲ ಬೇರೆಯವರ ಪಾಲಾಯಿತು, ಗೋರಿಗಳು ಮಾತ್ರ ಅಲ್ಲೇ ಉಳಿದವು. ಚಿಕ್ಕವರಿದ್ದಾಗ ಮೇಡಂ ತಮ್ಮ ಮುತ್ತಜ್ಜನ ಗೋರಿಗೆ ಹೋಗಬೇಕಾದರೆ ತೋಟದ ಧಣಿಯ ಮನೆ ಬಾಗಿಲಲ್ಲಿ ನಿಂತು ಬೀಗದ ಕೈ ಬೇಡಬೇಕಿತ್ತು. ಕೆಲವು ಗೋರಿಗಳನ್ನು ಓದಿದ ಜನ ಬಂದು ತೆರೆದು, ಒಳಗಿದ್ದವರನ್ನು ದೂರದ ಪಟ್ಟಣಕ್ಕೆ ಒಯ್ದರು. ಎಷ್ಟೋ ಕಾಲದ ಮೇಲೆ ಹಿಂದಕ್ಕೆ ತಂದಾಗ ಊರಿಗೆ ಊರೇ ಹಾಡು ಹೇಳುತ್ತ ಮತ್ತೆ ಮಣ್ಣು ಮಾಡಿತಂತೆ. ಇದನ್ನು ಕೇಳಿದ ದಿನ ನಾನು ಹಮೀದ್ ಕಾಕನ ಮುಖ ನೋಡಿದೆ. ಅವರ ಬಾಯಲ್ಲಿ ತಮಾಷೆ ಇರಲಿಲ್ಲ.

ಗೋರಿ ಕಾಯುವ ಕೆಲಸವನ್ನು ಮೇಡಂ ತಮ್ಮ ಊರಿನ ಮುದುಕಿಯರ ಹಿಂದೆ ತಿರುಗಿ ಕಲಿತರು. ಓದು ಆಮೇಲೆ. ಅದೇ ಕೆಲಸವನ್ನು ನನಗೆ ಕಲಿಸಿದರು.

ಸುಬಿಯಾ ನಿಮಗೆ ಗೊತ್ತು, ಈಗ ಸಮುದ್ರದ ಮೇಲಿನ ಸೇತುವೆಯಲ್ಲಿ ಸೊಯ್ಯನೆ ಹೋಗಿಬಿಡುತ್ತೀರಿ. ಆಗ ಜಹ್ರಾ ದಾಟಿ ಕೊಲ್ಲಿಯನ್ನು ಸುತ್ತಿಕೊಂಡು ಹೋಗಬೇಕಿತ್ತು. ಅಲ್ಲಿನ ದಿಬ್ಬಗಳ ಮೇಲೆ ಕಲ್ಲುಗುಡ್ಡೆಗಳಿವೆ. ದೂರದಿಂದ ನೋಡಿದರೆ ರಸ್ತೆ ಕೆಲಸಕ್ಕೆ ಜಲ್ಲಿ ಸುರಿದ ಹಾಗೆ. ಹತ್ತಿರ ಹೋದರೆ ಕಲ್ಲುಗಳು ಸುತ್ತು ಸುತ್ತಾಗಿ ಕೂತಿರುವುದು ಕಾಣುತ್ತದೆ. ಒಳಗೆ ಮನುಷ್ಯರಿದ್ದಾರೆ.

ಮೊದಲ ಸಲ ಹೋದಾಗಲೇ ನಾನೊಂದು ಎಡವಟ್ಟು ಮಾಡಿದೆ. ನಮ್ಮಲ್ಲಿ ಗೋರಿಯ ತಲೆಗೊಂದು ಕಾಲಿಗೊಂದು ಮೀಸಾನ್ ಕಲ್ಲು ನಿಲ್ಲಿಸುತ್ತೇವಲ್ಲ? ಅಲ್ಲೊಂದು ಉದ್ದನೆಯ ಕಲ್ಲು ಬಿದ್ದಿತ್ತು. ಅಯ್ಯೋ, ಮೀಸಾನ್ ಬಿದ್ದುಹೋಗಿದೆ ಎಂದುಕೊಂಡು ಅದನ್ನೆತ್ತಿ, ಗುಡ್ಡೆಯ ತುದಿಯಲ್ಲಿ ನೆಟ್ಟಗೆ ನಿಲ್ಲಿಸಿ, ಬುಡಕ್ಕೆ ಮಣ್ಣು ಒತ್ತಿ, ಬಿಸ್ಮಿಲ್ಲಾ ಎಂದು ಒಂದು ದುವಾ ಮಾಡಿದೆ. ತಿರುಗಿದರೆ ಮೇಡಂ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತಿದ್ದಾರೆ! ಅವರ ಮುಖ ನೋಡಿ ನಾನು ಯಾರನ್ನೋ ಕೊಂದೆನೇನೋ ಅನ್ನಿಸಿತು.

ಬೈಯಲಿಲ್ಲ. ಕಲ್ಲು ಮೊದಲಿದ್ದ ಕುಳಿಯ ಗುರುತು ಇನ್ನೂ ಇತ್ತು, ಅದರಲ್ಲೇ ಅದನ್ನು ಮಲಗಿಸಿದರು. ಆಮೇಲೆ ಹಮೀದ್ ಕಾಕನ ಮೂಲಕ ಹೇಳಿದರು. ಬಿದ್ದ ಕಲ್ಲು ಬಿದ್ದ ಹಾಗೆಯೇ ಇರಬೇಕು. ಅದು ಎಲ್ಲಿಂದ ಬಿತ್ತು, ಯಾವ ಕಡೆಗೆ ಬಿತ್ತು ಎನ್ನುವುದೂ ಆ ಗೋರಿಯ ಮಾತೇ. ಒಂದು ಕಲ್ಲು ತೆಗೆಯಬಾರದು, ಒಂದು ಕಲ್ಲು ಇಡಬಾರದು.

ಅವರ ಊರಿನಲ್ಲಿ ಪಾಪ, ಒಳ್ಳೆಯ ಮನಸ್ಸಿನವರು ಯಾರೋ ಒಂದು ಹಳೆಯ ಗೋರಿಗೆ ಸಿಮೆಂಟು ಹಾಕಿಸಿದರಂತೆ. ನೋಡಲು ಚಂದವಾಯಿತು. ಒಳಗೆ ಸಿಕ್ಕಿಕೊಂಡ ನೀರು ಹೊರಗೆ ಹೋಗಲಾರದೆ ಎರಡು ಮಳೆಗಾಲದಲ್ಲಿ ಕಲ್ಲುಗಳೆಲ್ಲ ಸೀಳಿಹೋದವಂತೆ. "ಕಳ್ಳರಿಗಿಂತ ಭಕ್ತರಿಗೇ ನಾನು ಹೆಚ್ಚು ಹೆದರುತ್ತೇನೆ" ಎನ್ನುತ್ತಿದ್ದರು ಮೇಡಂ. ಗಿಡ ಬೆಳೆದರೆ ಕೀಳಬಾರದು, ಬೇರಿನ ಜೊತೆ ಕಲ್ಲೂ ಬರುತ್ತದೆ, ನೆಲಮಟ್ಟಕ್ಕೆ ಕತ್ತರಿಸಬೇಕು. ಗಾಳಿ ತಂದ ಮರಳನ್ನು ಪೊರಕೆಯಲ್ಲಿ ಅಲ್ಲ, ಮೆತ್ತನೆಯ ಬ್ರಶ್ಶಿನಲ್ಲಿ, ಗುಡ್ಡೆಯಿಂದ ಹೊರಗಿನ ಕಡೆಗೆ ತಳ್ಳಬೇಕು. ಇಷ್ಟು ಕಲಿತ ಮೇಲೆ ನನಗೆ ಚಹಾ ಮಾಡುವ ಕೆಲಸ ತಪ್ಪಿತು.

ಚಳಿಗಾಲ ಬಂದರೆ ಬೇರೆಯೇ ಗಾಬರಿ. ಮರುಭೂಮಿಯ ತುಂಬ ಡೇರೆ. ಮಳೆ ಬಿದ್ದ ವರ್ಷ ಫಗಾ ಹುಡುಕುವವರು ಬೇರೆ; ಆಲೂಗಡ್ಡೆಯ ಹಾಗೆ ನೆಲದೊಳಗೆ ಬೆಳೆಯುವ ಆ ಅಣಬೆಗೆ ಇಲ್ಲಿನವರು ಪ್ರಾಣ ಬಿಡುತ್ತಾರೆ. ಒಂದು ಶನಿವಾರ ಹೋಗಿ ನೋಡಿದರೆ ಒಂದು ಗುಡ್ಡೆಯ ನೆತ್ತಿಯ ಕಲ್ಲುಗಳನ್ನು ಸರಿಸಿ ಒಲೆ ಹೂಡಿದ್ದಾರೆ! ಇದ್ದಿಲು, ಕುರಿಯ ಮೂಳೆ, ಪೆಪ್ಸಿ ಡಬ್ಬ. ಸತ್ತವರ ಎದೆಯ ಮೇಲೆ ಮಾಂಸ ಸುಟ್ಟು ತಿಂದು ಹೋಗಿದ್ದರು. ನಾನು ಹತ್ತಿರ ಹೋಗದೆ ದೂರದಲ್ಲೇ ನಿಂತೆ. ಮೇಡಂ ಮಾತ್ರ ಕುರಿಯ ಮೂಳೆಗಳನ್ನು ಒಂದೊಂದಾಗಿ ಆರಿಸಿದರು, ಮುಂದೆ ಯಾರಾದರೂ ಅವನ್ನೂ ಹಳೆಯದೆಂದು ತಿಳಿಯದಿರಲಿ ಎಂದು.

ಅದಾದ ಮೇಲೆ ಸರ್ಕಾರದ ಕಡೆಯ ಇನ್ಸ್‌ಪೆಕ್ಟರ್ ಅಬು ಯೂಸುಫ್ ಆಗಾಗ ಬರಲು ಶುರು ಮಾಡಿದರು. ಪಾದದವರೆಗಿನ ಬಿಳಿ ದಿಶ್ದಾಶ ಅಂಗಿ, ಮೆಲ್ಲಗಿನ ಮಾತು. ಚಿಕ್ಕಂದಿನಿಂದ ಅದೇ ಬಯಲಿನಲ್ಲಿ ಡೇರೆ ಹಾಕಿ ಬೆಳೆದವರು. ಒಂದು ದಿನ ದಿಬ್ಬದ ತುದಿಯಲ್ಲಿದ್ದ ಒಂಟಿ ಗುಡ್ಡೆಯ ಮುಂದೆ ನಿಂತುಬಿಟ್ಟರು. ಕಣ್ಣು ಕಿರಿದು ಮಾಡಿ ನೋಡಿದರು. ಗಾಡಿಯಿಂದ ಹಿಂದಿನ ವರ್ಷದ ಫೋಟೋ ತರಿಸಿ ಬಾನೆಟ್ ಮೇಲೆ ಇಟ್ಟರು.

"ಈ ಗೋರಿ ಬೆಳೆದಿದೆ" ಎಂದರು.

ನಾವೆಲ್ಲ ದಂಗಾದೆವು. ಕಲ್ಲು ಕಳವಾಗುವುದು ಗೊತ್ತಿತ್ತು. ಕಲ್ಲು ಹೆಚ್ಚಾಗುವುದು! ಆದರೆ ಫೋಟೋದಲ್ಲಿ ಇಲ್ಲದ ಕಲ್ಲುಗಳು ಕಣ್ಣೆದುರಿಗೇ ಇದ್ದವು. ಮುಷ್ಟಿಗಿಂತ ಸ್ವಲ್ಪ ದೊಡ್ಡವು, ಅಲ್ಲೊಂದು ಇಲ್ಲೊಂದು, ಎಸೆದದ್ದಲ್ಲ, ಮೆತ್ತಗೆ ಇಟ್ಟದ್ದು.

ಅಬು ಯೂಸುಫ್ ಮುಖ ಗಂಟಿಕ್ಕಿದರು. "ಯಾರೋ ಇದನ್ನು ಮಜಾರ್ ಮಾಡಲು ಹೊರಟಿದ್ದಾರೆ. ನಾಳೆ ಬಟ್ಟೆ ಕಟ್ಟುತ್ತಾರೆ, ನಾಡಿದ್ದು ಹರಕೆ. ನನ್ನ ದೇಶದಲ್ಲಿ ಗೋರಿ ಪೂಜೆಗೆ ಬಿಡುವುದಿಲ್ಲ." ಆಮೇಲೆ ಹಮೀದ್ ಕಾಕನ ಕಡೆ ತಿರುಗಿದರು. "ನಿಮ್ಮ ಹಿಂದ್‌ನಲ್ಲಿ ಗೋರಿಗೆ ಕಲ್ಲು ನೆಡುವ ರೂಢಿ ಇದೆಯಲ್ಲವೇ? ಈ ಉಮ್ಮ್ ನಸೀಮಾ ಒಮ್ಮೆ ಕಲ್ಲು ನಿಲ್ಲಿಸಿ ದುವಾ ಮಾಡಿದಳೆಂದು ಆಫೀಸಿನಲ್ಲಿ ನಗುತ್ತಿದ್ದರು."

ಉಮ್ಮ್ ನಸೀಮಾ ಎಂದರೆ ನಿಮ್ಮ ಉಮ್ಮ ನಸೀಮಾಳ ತಾಯಿ, ನಾನೇ; ಮೇಡಂ ಮಾತ್ರ ನನ್ನನ್ನು ಮೈಮೂನಾ ಎಂದು ಹೆಸರು ಹಿಡಿದು ಕರೆಯುತ್ತಿದ್ದರು. ಆಫೀಸಿನಲ್ಲಿ ಅದನ್ನು ನಗೆ ಚಟಾಕಿ ಮಾಡಿ ಎಲ್ಲರಿಗೂ ಹೇಳಿದ್ದು ಹಮೀದ್ ಕಾಕನೇ. ಅವರ ಮುಖ ಸುಣ್ಣವಾಯಿತು.

"ಅದು ಹಳೇ ಕಥೆ ಸಾರ್. ಇವಳು ಹಾಗೆಂಥದೂ..." ಎಂದು ಅರಬಿಯಲ್ಲಿ ತಡವರಿಸಿದರು.

"ನೀನು ಹೇಳು, ಉಮ್ಮ್ ನಸೀಮಾ. ನೀನು ಇಟ್ಟೆಯಾ?"

ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ನನಗೆ ಬಾಯಿ ಬರಲಿಲ್ಲ. ಗಂಡಸರು ಜೋರಾಗಿ ಕೇಳಿದರೆ ನನಗೆ ಯಾವತ್ತೂ ಹಾಗೆಯೇ, ಮಾತಿಗಿಂತ ಮೊದಲು ಕಣ್ಣಲ್ಲಿ ನೀರು ಬರುತ್ತದೆ. ಅವರು ಅದನ್ನೇ ಒಪ್ಪಿಗೆ ಎಂದು ತಿಳಿದರು. ನಾನು ಡೀನಾ ಮೇಡಂ ಕಡೆ ನೋಡಿದೆ. ಮೈಮೂನಾ ಹಾಗೆ ಮಾಡುವವಳಲ್ಲ ಎಂದು ಒಂದು ಮಾತು ಹೇಳುತ್ತಾರೆ ಎಂದುಕೊಂಡೆ. ಅವರು ನೆಲ ನೋಡುತ್ತ ನಿಂತಿದ್ದರು.

"ಭಾನುವಾರ ಕಂಪನಿಗೆ ತಿಳಿಸುತ್ತೇನೆ. ಇಕಾಮಾ ಖಲಾಸ್" ಎಂದು ಅಬು ಯೂಸುಫ್ ಗಾಡಿ ಹತ್ತಿದರು.

ನಿಮ್ಮ ಉಮ್ಮ ಆಗ ಮಂಗಳೂರಿನಲ್ಲಿ ನರ್ಸಿಂಗ್ ಎರಡನೇ ವರ್ಷ. ನಾನು ವಾಪಸಾದರೆ ಅವಳೂ ಹಾಸ್ಟೆಲ್ ಬಿಟ್ಟು ಮನೆಗೆ. ಆಮೇಲೆ ಇಬ್ಬರೂ ಬೀಡಿ ಸುತ್ತುತ್ತ ಕೂರಬೇಕು. ಇಕಾಮಾ ಎಂದರೆ ನನಗೆ ಅದು. ಆದರೂ ಅಬ್ಬಾಸಿಯಾದ ರೂಮಿಗೆ ಬರುವಾಗ ನನ್ನ ತಲೆಯಲ್ಲಿ ಇದ್ದದ್ದು ಇಕಾಮಾ ಅಲ್ಲ. ಅವರು ಯಾಕೆ ಮಾತಾಡಲಿಲ್ಲ? ಅದೊಂದೇ.

ಮಾರನೇ ದಿನ, ಶುಕ್ರವಾರ ಬೆಳಿಗ್ಗೆ ಹಮೀದ್ ಕಾಕ ರೂಮಿನ ಕೆಳಗೆ ಬಂದು ಹಾರ್ನ್ ಹೊಡೆದರು. "ಬಾ, ಮೇಡಂ ಕರೆಯುತ್ತಿದ್ದಾರೆ. ಸುಬಿಯಾಕ್ಕಂತೆ." ಮೇಡಂ ಮುಂದೆ ಕೂತಿದ್ದರು. ದಾರಿಯುದ್ದಕ್ಕೂ ತಿರುಗಿ ನೋಡಲಿಲ್ಲ.

ಒಂಟಿ ಗುಡ್ಡೆಯ ಹತ್ತಿರ ಇಳಿದು ನೇರ ಹೋಗಿ ಒಂದು ಕಲ್ಲಿನ ಮೇಲೆ ಬೆರಳಿಟ್ಟರು. "ಇದು ನಮ್ಮಮ್ಮ" ಎಂದರು. ಇನ್ನೊಂದನ್ನು ಮುಟ್ಟಿ, "ಇದು ನಮ್ಮಮ್ಮನ ಅಕ್ಕ." ಇನ್ನೊಂದು, "ಇದು ನನಗೆ ಗೋರಿ ಕೆಲಸ ಕಲಿಸಿದ ಮುದುಕಿ."

ಹಮೀದ್ ಕಾಕ ಕನ್ನಡದಲ್ಲಿ ಹೇಳುತ್ತಿದ್ದವರು ಅರ್ಧದಲ್ಲಿ ನಿಲ್ಲಿಸಿ, "ಯಾ ಅಲ್ಲಾ! ಕಳ್ಳಿ ಮನೆಯೊಳಗೇ ಇದ್ದಳಾ!" ಎಂದರು.

ನಾನು ಮರಳಿನ ಮೇಲೇ ಕೂತೆ. ಒಂದು ಕಲ್ಲು ಇಡಬಾರದು ಎಂದು ನನಗೆ ಕಲಿಸಿದ ಬಾಯಿ. ನನ್ನ ಕಲ್ಲನ್ನು ಕುಳಿಯಲ್ಲಿ ಮಲಗಿಸಿದ ಕೈ.

ಅವರ ಕಡೆ ದಾರಿಯಲ್ಲಿ ಹಳೆಯ ಕಲ್ಲುಗುಡ್ಡೆ ಸಿಕ್ಕರೆ ಒಂದು ಕಲ್ಲು ಇಡದೆ ದಾಟುವುದಿಲ್ಲವಂತೆ. ಸತ್ತವರ ಗೋರಿಗೂ ಮನೆಯವರೆಲ್ಲ ಒಂದೊಂದು ಇಡುತ್ತಾರಂತೆ. ತಾಯಿ ತೀರಿಕೊಂಡಾಗ ಇಲ್ಲಿ ಕೆಲಸದ ನಡುವೆ ರಜೆ ಸಿಗಲಿಲ್ಲ. ಮಣ್ಣು ಮುಗಿದ ಸುದ್ದಿ ಫೋನಿನಲ್ಲಿ ಬಂತು. ಆ ದಿನ ಸುಬಿಯಾದಲ್ಲಿದ್ದರು. ಕೈ ತಾನಾಗಿ ಕಲ್ಲೆತ್ತಿ ಇಟ್ಟಿತು. ಮಾರನೇ ದಿನ ತೆಗೆಯೋಣವೆಂದು ಹೋದರೆ ತೆಗೆಯಲಾಗಲಿಲ್ಲ. ಆಮೇಲೆ ಊರಿನಿಂದ ಒಂದೊಂದು ಸಾವಿನ ಸುದ್ದಿಗೂ ಒಂದೊಂದು ಕಲ್ಲು.

"ನಿನ್ನೆ ಯಾಕೆ ಹೇಳಲಿಲ್ಲ?" ಎಂದು ಕೇಳಿದ್ದು ನಾನಲ್ಲ, ಹಮೀದ್ ಕಾಕ. "ಇವಳ ಮಗಳು ಓದುವುದು ಬೇಡವಾ?"

ಮೇಡಂ ನನ್ನ ಎದುರು ಮರಳಲ್ಲೇ ಕೂತರು. ಅವರ ನಾಡಿನಲ್ಲಿ ನದಿ ದಡದ ಗೋರಿಗಳನ್ನು ನೋಡಿಕೊಳ್ಳುವ ಕೆಲಸವನ್ನು ಮೊದಲ ಸಲ ಅವರ ಜನಕ್ಕೇ ಕೊಡುವ ಮಾತು ನಡೆಯುತ್ತಿತ್ತು. ಅವರ ಹೆಸರು ಮುಂದಿತ್ತು. ಕಾಯಬೇಕಾದ ಗೋರಿಯನ್ನು ತಾನೇ ಕೆಡಿಸಿದವಳು ಎಂಬ ಮಾತು ಇಲ್ಲಿಂದ ಹೋದರೆ ಮುಗಿಯಿತು. ಮತ್ತೆ ಹೊರಗಿನವನೊಬ್ಬ ಬರುತ್ತಾನೆ, ಮತ್ತೆ ಬೀಗದ ಕೈಗಾಗಿ ಬೇಡಬೇಕು. "ನಾನೊಬ್ಬಳೇ ಆಗಿದ್ದರೆ ನಿನ್ನೆಯೇ ಹೇಳುತ್ತಿದ್ದೆ" ಎಂದರು. ಆಮೇಲೆ ತಮ್ಮ ಒಡಕು ಅರಬಿಯಲ್ಲಿ ನೇರ ನನ್ನನ್ನೇ ಕೇಳಿದರು, "ಮೈಮೂನಾ, ಏನು ಮಾಡಲಿ?"

ಅಷ್ಟು ದೊಡ್ಡ ಮನುಷ್ಯರು ನನ್ನನ್ನು ಕೇಳುವುದೇ? ಅವರ ಸತ್ತವರೆಲ್ಲ ಒಂದು ಕಡೆ, ನನ್ನ ನಸೀಮಾ ಒಂದು ಕಡೆ. ನೀವು ಹೋಗಿ ಮೇಡಂ, ನಾನು ಊರಿಗೆ ಹೋಗುತ್ತೇನೆ ಎನ್ನುವಷ್ಟು ಒಳ್ಳೆಯವಳು ನಾನಲ್ಲ. ಸಿಟ್ಟೂ ಬಂದಿತ್ತು. ಅಳುತ್ತಲೇ ಹೇಳಿದೆ, "ಗೂಲಿ, ಮೇಡಂ. ಬಾಚಿರ್ ಗೂಲಿ." ಹೇಳಿ, ನಾಳೆಯೇ ಹೇಳಿ ಎಂದು. ಆ ಆಫೀಸಿನಲ್ಲಿ ಯಾರಿಗಾದರೂ ನಾನು ಹೀಗೆ ಮಾಡಿ ಎಂದದ್ದು ಅದೇ ಮೊದಲು.

ಅವರು ತಲೆಯಾಡಿಸಿದರು. ಶನಿವಾರ ಅಬು ಯೂಸುಫ್ ಮುಂದೆ ನಿಂತು ಎಲ್ಲ ಹೇಳಿದರು. ನಾನು ಬಾಗಿಲ ಹತ್ತಿರ ಇದ್ದೆ. ಇನ್ಸ್‌ಪೆಕ್ಟರ್ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು "ನೀವು?" ಎಂದರು. ಅದೊಂದೇ ಮಾತನ್ನು ಎರಡು ಮೂರು ಸಲ ಅಂದರು. ನನ್ನ ಕಡೆ ತಿರುಗಿ, "ಉಮ್ಮ್ ನಸೀಮಾ, ನಾನು ತಪ್ಪು ತಿಳಿದೆ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ" ಎಂದರು. ಮೇಡಂಗೆ, "ಕೆಲಸ ಮುಂದುವರಿಸಲು ಆಗುವುದಿಲ್ಲ. ವರದಿ ಬರೆಯಲೇಬೇಕು. ಹೋಗುವ ಮೊದಲು ಗೋರಿಯನ್ನು ಮೊದಲಿದ್ದ ಹಾಗೆ ಮಾಡಿಕೊಡಿ" ಎಂದರು.

ನಾವು ನಾಲ್ವರೂ ಹೋದೆವು. ಮೇಡಂ ಒಂದೊಂದೇ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟರು. ಪ್ರತಿಯೊಂದಕ್ಕೂ ಒಂದು ಹೆಸರು ಹೇಳುತ್ತಿದ್ದರು. ನನಗೆ ಆ ಹೆಸರುಗಳ ಉಚ್ಚಾರ ಬರಲಿಲ್ಲ. ನಾನು ಅವನ್ನು ದೂರ ಒಯ್ದು ನೆಲದ ಮೇಲಿಟ್ಟೆ, ಗುಡ್ಡೆಯಾಗದ ಹಾಗೆ ಬಿಡಿಬಿಡಿಯಾಗಿ. ಅಬು ಯೂಸುಫ್ ಫೋಟೋ ಹಿಡಿದು ತಾಳೆ ನೋಡುತ್ತಿದ್ದರು.

ಕೊನೆಗೆ ಹಿಂಭಾಗದಲ್ಲಿ ಒಂದು ಕಲ್ಲು ಉಳಿಯಿತು. ಮೇಡಂ ಅದನ್ನು ಮುಟ್ಟಿ ಕೈ ಹಿಂದಕ್ಕೆ ತೆಗೆದರು. ಇನ್ನೊಮ್ಮೆ ಮುಟ್ಟಿದರು. ಅದರ ಬುಡಕ್ಕೆ ಆಗಲೇ ಮರಳು ಕಟ್ಟಿತ್ತು.

"ಇದು ನಿಮ್ಮದೇ?" ಅಬು ಯೂಸುಫ್ ಕೇಳಿದರು.

"ಗೊತ್ತಾಗುತ್ತಿಲ್ಲ" ಎಂದರು ಮೇಡಂ. ಅವರು ಅತ್ತದ್ದನ್ನು ನಾನು ನೋಡಿದ್ದು ಆಗಲೇ. "ನಮ್ಮಣ್ಣನಿಗೆ ಈ ಕಡೆ ಇಟ್ಟಿದ್ದೆ. ಇದೇ ಹೌದೋ ಅಲ್ಲವೋ ಗೊತ್ತಾಗುತ್ತಿಲ್ಲ."

ಫೋಟೋ ತೆಗೆದದ್ದು ಮುಂದಿನಿಂದ. ಆ ಕಡೆ ಅದರಲ್ಲಿ ಇರಲಿಲ್ಲ. ಅಬು ಯೂಸುಫ್ ಗುಡ್ಡೆಯನ್ನು ಸುತ್ತು ಹಾಕಿ ಬಂದರು. "ಬಿಟ್ಟುಬಿಡಿ" ಎಂದರು. "ನಿಮ್ಮದನ್ನು ಉಳಿಸಿದರೆ ಒಂದು ತಪ್ಪು. ಇಲ್ಲಿ ಮಲಗಿರುವವರದ್ದನ್ನು ತೆಗೆದರೆ ಅದಕ್ಕಿಂತ ದೊಡ್ಡ ತಪ್ಪು." ಹಮೀದ್ ಕಾಕ ಇದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಮೇಡಂಗೆ ಅರ್ಥವಾಗಿತ್ತು.

ಆ ವಾರವೇ ಅವರು ಹೊರಟರು. ಏರ್‌ಪೋರ್ಟಿಗೆ ನಾನು ಹೋಗಲಿಲ್ಲ, ಯಾವ ಮುಖ ಹೊತ್ತು ಹೋಗಲಿ? ಆಫೀಸಿನ ಬಾಗಿಲಲ್ಲೇ ನನ್ನ ಕೈ ಹಿಡಿದು, ಕಲಿಸುವಾಗಿನ ಗಟ್ಟಿ ದನಿಯಲ್ಲಿ, "ಬ್ರಶ್ಶು ಹೊರಗಿನ ಕಡೆಗೆ" ಎಂದರು. ನದಿ ದಡದ ಆ ಕೆಲಸ ಅವರಿಗೆ ಸಿಕ್ಕಿತೋ, ಹೊರಗಿನವನಿಗೆ ಹೋಯಿತೋ, ನನಗೆ ತಿಳಿಯಲೇ ಇಲ್ಲ. ಹಮೀದ್ ಕಾಕ ಇರುವವರೆಗೆ, "ಸಿಕ್ಕಿರುತ್ತದೆ ಬಿಡು, ಸುಮ್ಮನೆ ಮಂಡೆ ಬಿಸಿ ಮಾಡಬೇಡ" ಎನ್ನುತ್ತಿದ್ದರು. ನಿಮ್ಮ ಉಮ್ಮ ನರ್ಸ್ ಆದಳು, ಕುವೈತಿಗೆ ಬಂದಳು, ನೀವು ಹುಟ್ಟಿದಿರಿ. ನಾನು ಹೇಳಿ ಎಂದದ್ದಕ್ಕೆ ಆ ಕಡೆ ಎಷ್ಟು ಜನ ಬೀಗದ ಕೈಗಾಗಿ ಬೇಡುತ್ತ ನಿಂತಿದ್ದಾರೋ ಎಂದು ಇವತ್ತಿಗೂ ಒಮ್ಮೊಮ್ಮೆ ಬೆಚ್ಚಿಬೀಳುತ್ತೇನೆ. ಮತ್ತೆ ಕೇಳಿದರೂ ಅದನ್ನೇ ಹೇಳುತ್ತಿದ್ದೆ. ಅದೂ ನನಗೆ ಬೆಚ್ಚಿಸುವ ಮಾತೇ.

ನಿವೃತ್ತಿಯಾಗುವವರೆಗೆ ಸುಬಿಯಾದ ಆ ಗುಡ್ಡೆಯ ಮರಳು ತಳ್ಳಿದ್ದು ನಾನೇ. ಹಿಂಭಾಗದ ಆ ಕಲ್ಲನ್ನೂ ಬೇರೆಲ್ಲ ಕಲ್ಲುಗಳ ಹಾಗೆಯೇ ಒರೆಸಿದೆ. ಹೆಚ್ಚಿಲ್ಲ, ಕಡಿಮೆಯಿಲ್ಲ.

ಸಫಾ, ಆಫೀಸಿನ ವರದಿಯಲ್ಲಿ ಹೊಸ ಕಲ್ಲುಗಳನ್ನೆಲ್ಲ ತೆಗೆಯಲಾಗಿದೆ ಎಂದಷ್ಟೇ ಇದೆ. ಅಬು ಯೂಸುಫ್ ಈಗಿಲ್ಲ, ಹಮೀದ್ ಕಾಕನೂ ಇಲ್ಲ. ನಾಳೆ ನಿನ್ನಂಥ ಓದಿದ ಹುಡುಗಿ ಅಲ್ಲಿ ಕೂತು ಒಂದೊಂದು ಕಲ್ಲನ್ನೂ ಬರೆದುಕೊಳ್ಳುವಾಗ, ಹಿಂಭಾಗದ ಆ ಒಂದು ಕಲ್ಲು ಸಾವಿರಾರು ವರ್ಷದ್ದು ಇರಬಹುದು, ಡೀನಾ ಮೇಡಂ ಅಣ್ಣನದ್ದೂ ಇರಬಹುದು ಎನ್ನುವುದು ಈ ಹಾಳೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಇಹ್ಸಾನ್, ನೀನು ಮನೆ ಬದಲಾಯಿಸುವಾಗ ಹಳೆಯ ಕಾಗದವನ್ನೆಲ್ಲ ಕಪ್ಪು ಚೀಲಕ್ಕೆ ತುಂಬಿಸಿ ಕೆಳಗಿಡುವವನು. ಇವನ್ನು ತುಂಬಿಸಬೇಡ ಮಗಾ. ಓದಲು ಬಾರದಿದ್ದರೂ ಚಿಂತೆಯಿಲ್ಲ, ಜೋಪಾನವಾಗಿ ಇಟ್ಟುಕೊಳ್ಳಿ.